ಐವತ್ತು ವರ್ಷ ತಡವಾದ ಒಡಪು

ಕಾವ್ಯದ ಕಾಲ ಮುಗಿಯಿತು ಎಂಬುದು ನನ್ನ ಖಚಿತ ಅಭಿಪ್ರಾಯ. ಇದು ನಾನು ಕಿಟಕಿಯಲ್ಲಿ ಕುಳಿತು ನಿಟ್ಟುಸಿರು ಬಿಡುತ್ತಾ ಕಂಡುಕೊಂಡದ್ದಲ್ಲ. ಪುಣೆಯ ಕಾಲೇಜೊಂದರಲ್ಲಿ ಮೂವತ್ತಾರು ವರ್ಷ ಕಾವ್ಯಮೀಮಾಂಸೆ ಕಲಿಸಿದ್ದೇನೆ. ನಾನು ಸೇರಿದ ವರ್ಷ ತರಗತಿಯಲ್ಲಿ ನಲವತ್ತೆರಡು ವಿದ್ಯಾರ್ಥಿಗಳಿದ್ದರು. ನಿವೃತ್ತಳಾದ ವರ್ಷ ಮೂವರು. ಆ ಮೂವರಲ್ಲಿ ಒಬ್ಬ ಭೂಗೋಳದ ಹುಡುಗ, ತಪ್ಪು ಕೋಣೆಗೆ ಬಂದವನು. (ಎದ್ದು ಹೋಗಲು ಸಂಕೋಚವಾಗಿ ವರ್ಷವಿಡೀ ಕುಳಿತ. ಪರೀಕ್ಷೆಯಲ್ಲಿ ಉಳಿದಿಬ್ಬರಿಗಿಂತ ಅವನೇ ಹೆಚ್ಚು ಅಂಕ ತೆಗೆದ ಎಂಬುದು ನನ್ನ ನಿರಾಶೆಗೆ ಇನ್ನೊಂದು ಆಧಾರ.)

ಹೋದ ವರ್ಷ ಇಲ್ಲಿಯ ಕನ್ನಡ ಬಳಗವೊಂದು ‘ಇಂದಿನ ಸಂಸ್ಕೃತಿಯಲ್ಲಿ ಕಾವ್ಯದ ಸ್ಥಾನ’ ಎಂಬ ವಿಷಯದ ಮೇಲೆ ನನ್ನಿಂದ ಉಪನ್ಯಾಸ ಮಾಡಿಸಿತು. ಹನ್ನೊಂದು ಜನ ಬಂದಿದ್ದರು. ಸ್ಥಾನವಿಲ್ಲ ಎಂದು ನಾನು ಒಂದೂವರೆ ಗಂಟೆ ಸಾಧಾರವಾಗಿ ಸಾಧಿಸಿ ತೋರಿಸಿದೆ. ಕೊನೆಗೆ, ಪ್ರಶ್ನೆಗಳಿದ್ದರೆ ಕೇಳಬಹುದು ಎಂದಾಗ, ಹಿಂದಿನ ಸಾಲಿನ ಗೃಹಸ್ಥರೊಬ್ಬರು ಎದ್ದುನಿಂತು, ‘ಮೇಡಂ, ಊಟ ಇಲ್ಲೇ ಏನ್ರಿ, ಕೆಳಗ ಏನ್ರಿ?’ ಎಂದು ಕೇಳಿದರು. ನನ್ನ ವಾದಕ್ಕೆ ಅದಕ್ಕಿಂತ ಸಮರ್ಥವಾದ ಉಪಸಂಹಾರ ನನ್ನಿಂದ ಸಾಧ್ಯವಿರಲಿಲ್ಲ.

ಇನ್ನು ಹಾಡುಗಳು. ಗಣಪತಿ ಹಬ್ಬದ ಹತ್ತು ದಿನ ನಮ್ಮ ಕರ್ವೆನಗರದ ಓಣಿಯಲ್ಲಿ ಆಳೆತ್ತರದ ಸ್ಪೀಕರುಗಳಿಂದ ಹೊರಬೀಳುವ ಹಾಡಿನಲ್ಲಿ, ನಾನು ಎಣಿಸಿದಂತೆ, ಒಟ್ಟು ಆರು ಪದಗಳಿವೆ. ಅದರಲ್ಲಿ ನಾಲ್ಕು ಒಂದೇ ಪದ. ಆ ಸದ್ದಿಗೆ ನಮ್ಮ ಅಡಿಗೆಮನೆಯ ಸ್ಟೀಲ್ ಡಬ್ಬಿಗಳು ತಾವಾಗಿಯೇ ಸರಿಯುತ್ತ ಕಟ್ಟೆಯ ಅಂಚಿಗೆ ಬಂದು ನಿಲ್ಲುತ್ತವೆ. ಅರ್ಥ ಕೇಳದೆ ಕುಣಿಯುವ ಈ ಡಬ್ಬಿಗಳಿಗಿಂತ ಉತ್ತಮ ರಸಿಕವರ್ಗವನ್ನು ಇಂದಿನ ಕವಿ ಬಯಸಬಾರದು.

ಮನೆಯೊಳಗೂ ಪರಿಸ್ಥಿತಿ ಬೇರೆಯಲ್ಲ. ಮಗಳು ನೀಲಿಮಾಳ ಮಗ ಅಮೇಯ ಹಗಲು ಒಂದು ವಿಮಾ ಕಂಪನಿಯಲ್ಲಿ ಕೆಲಸ ಮಾಡುತ್ತಾನೆ, ಸಂಜೆ ರ‍್ಯಾಪ್ ಎಂಬುದನ್ನು ಬರೆಯುತ್ತಾನೆ. ಅರ್ಧ ಕನ್ನಡ, ಅರ್ಧ ಮರಾಠಿ. ಬರೆದದ್ದನ್ನು ಡುಬುಡುಬು ಎನ್ನುವ ಒಂದು ಸದ್ದಿನ ಮೇಲೆ ಕೂರಿಸಿ ಮೊಬೈಲಿನಿಂದ ಊರಿಗೆಲ್ಲ ಕಳಿಸುತ್ತಾನೆ. ದೀಪಾವಳಿಯಲ್ಲಿ ನನಗೂ ಕೇಳಿಸಿದ.

‘ಹೆಂಗದ, ಅಜ್ಜಿ?’

‘ಯಾರ ಜೋಡಿ ಜಗಳಾಡ್ಲಿಕ್ಕತ್ತಿ?’

‘ಜಗಳ ಅಲ್ಲ. ನಮ್ಮ ಚೌಕದಾಗಿನ ಟ್ರಾಫಿಕ್ ಮ್ಯಾಲೆ ಬರದ ಕವಿತಾ ಅದು.’

‘ಕವಿತಾ ಆದರ ನಡಕ ಎಲ್ಲ್ಯರೆ ಉಸಿರು ತಗೋತಾರ. ನೀ ತಗೊಂಡಿಲ್ಲ.’

‘ಆ ಚೌಕದಾಗ ಯಾರು ತಗೋತಾರ ಅಜ್ಜಿ?’

ಅವನ ಅಜ್ಜ ನಕ್ಕರು. ನಾನು ನಗಲಿಲ್ಲ.

ಅವನ ಅಜ್ಜ, ಎಂದರೆ ನನ್ನ ಯಜಮಾನರು, ಬಸವಪ್ರಭು. ಟೆಲಿಫೋನ್ ಖಾತೆಯಲ್ಲಿ ಎಂಜಿನಿಯರರಾಗಿ ನಿವೃತ್ತರಾದವರು, ವಯಸ್ಸು ಎಪ್ಪತ್ತೆಂಟು. ಜೀವಮಾನವಿಡೀ ಊರಿನವರ ಮಾತು ಊರಿನವರಿಗೆ ಕೇಳಿಸುವಂತೆ ತಂತಿ ಎಳೆದ ಮನುಷ್ಯನಿಗೆ ಈಗ ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿಗೆ ಯಂತ್ರ. ಬೇಡಿಕೆಗಳೇ ಇಲ್ಲದ ಪ್ರಾಣಿ. ಸಾರಿಗೆ ಉಪ್ಪು ಕಡಿಮೆಯಾದರೆ ಕೇಳುವುದಿಲ್ಲ, ಉಪ್ಪಿನಕಾಯಿ ಹೆಚ್ಚು ಹಾಕಿಸಿಕೊಳ್ಳುತ್ತಾರೆ. ಆದ್ದರಿಂದ, ನಮ್ಮ ಮದುವೆಗೆ ಐವತ್ತು ವರ್ಷ ತುಂಬಲು ತಿಂಗಳೊಂದಿರುವಾಗ ಅವರು ಅವಲಕ್ಕಿಯ ತಾಟನ್ನು ಪಕ್ಕಕ್ಕೆ ಸರಿಸಿ, ‘ನನಗೊಂದು ಬೇಕಾಗಿತ್ತು’ ಎಂದಾಗ ನಾನು ಡಾಕ್ಟರರಿಗೆ ಫೋನು ಮಾಡುವುದೇ ಒಳ್ಳೆಯದೆಂದುಕೊಂಡೆ.

‘ಏನು ಬೇಕಾಗಿತ್ತು?’

‘ಒಂದು ಒಡಪು.’

ದಕ್ಷಿಣದ ಓದುಗರಿಗಾಗಿ ಹೇಳಬೇಕು. ಗಂಡನ ಹೆಸರನ್ನು ಹಾಗೇ ಹೇಳದೆ, ಪ್ರಾಸವಿರುವ ಎರಡು ಸಾಲು ಕಟ್ಟಿ ಅದರೊಳಗೆ ಕೂರಿಸಿ ಹೇಳುವುದಕ್ಕೆ ನಮ್ಮ ಕಡೆ ಒಡಪು ಎನ್ನುತ್ತಾರೆ. ಮದುವೆಯಾದ ಹೆಣ್ಣು ಮನೆ ತುಂಬುವಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಒಡಪು ಹೇಳಿದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಮರಾಠಿಯವರಲ್ಲೂ ಇದೇ ಪದ್ಧತಿ ಉಂಟು. ಸಾಲು ಒಂದಕ್ಕೊಂದು ಸಂಬಂಧವಿರಬೇಕೆಂಬ ಕಟ್ಟಳೆಯಿಲ್ಲ. ಮೊದಲ ಸಾಲಿನಲ್ಲಿ ಬದನೆಕಾಯಿ, ಎರಡನೆಯದರಲ್ಲಿ ಪತಿದೇವರು. ಇದನ್ನು ಕಾವ್ಯವೆಂದು ಕರೆಯುವವರಿದ್ದಾರೆ. ನಾನು ಅವರಲ್ಲಿ ಒಬ್ಬಳಲ್ಲ.

ನಾನು ಹಾಗೆ ಮನೆ ತುಂಬಿದ್ದು ಧಾರವಾಡದಲ್ಲಿ. ಎಂ.ಎ.ಯಲ್ಲಿ ಚಿನ್ನದ ಪದಕ ಬಂದು ಮೂರು ತಿಂಗಳಾಗಿತ್ತು. ಯಜಮಾನರ ತಂಗಿ ಪಂಕಜಾಕ್ಷಿ ಎರಡು ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತು, ‘ಹೆಸರ ಹೇಳ್ರಿ ವೈನಿ’ ಎಂದಳು. ‘ಹೆಸರು ಲಗ್ನಪತ್ರಿಕೆಯೊಳಗ ಅಚ್ಚಾಗೇದ, ಓದ್ಕೋರಿ’ ಎಂದು ಹೇಳಿ ನಾನು ಅವಳ ಕೈ ಕೆಳಗೆ ಬಗ್ಗಿ ಒಳಗೆ ಹೋದೆ. ಈ ಪ್ರಸಂಗವನ್ನು ಆ ಮನೆತನದವರು ಐವತ್ತು ವರ್ಷ ಹೇಳಿಕೊಂಡು ಬಂದಿದ್ದಾರೆ. ನಾನು ಬರೆದ ಗ್ರಂಥದ ಹೆಸರು ಅವರಲ್ಲಿ ಒಬ್ಬರಿಗೂ ನೆನಪಿಲ್ಲ.

‘ಈಗೇನು ಒಡಪು ಹಚ್ಚೀರಿ?’ ಎಂದೆ.

‘ನಮ್ಮ ಮನ್ಯಾಗ ಎಲ್ಲಾ ಗಂಡಸರ ಹೆಸರೂ ಒಡಪಿನಾಗ ಬಂದಾವ. ನಮ್ಮಪ್ಪಂದು, ಕಾಕಾಂದು, ಪಂಕಜಾನ ಗಂಡಂದು ಸುದ್ದಾ. ನನ್ನದೊಂದು ಬಂದಿಲ್ಲ.’

‘ಅದು ಪದ್ಯ ಅಲ್ಲ, ಏನೂ ಅಲ್ಲ. ಬರೇ ಕಲಕಲಾಟ.’

‘ಇರಲಿ. ಕಲಕಲಾಟನ ಆಗಲಿ.’ ಅವರು ಅವಲಕ್ಕಿಯಲ್ಲಿದ್ದ ಶೇಂಗಾವನ್ನೆಲ್ಲ ಒಂದು ಬದಿಗೆ ಕೂಡಿಸಿದರು. ‘ಈಗ ಇದೊಂದು ಕಿವಿ ಕೇಳಸತದ. ಮುಂದಿನ ವರ್ಷದ್ದು ಯಾರಿಗೆ ಗೊತ್ತು.’

ನಾನು ಭಾವುಕಳಲ್ಲ. ಆದರೆ ಇದು ವಾದವಾಗಿ ಸರಿಯಾಗಿತ್ತು. ವೈದ್ಯರೂ ಹಾಗೆಯೇ ಹೇಳಿದ್ದರು. ಹೇಳುತ್ತೇನೆ ಎಂದು ಒಪ್ಪಿಕೊಂಡೆ. ಎರಡು ಸಾಲು. ಮೂವತ್ತಾರು ವರ್ಷ ಎರಡು ಸಾಲಿನ ಮೇಲೆ ಎರಡು ಗಂಟೆ ಮಾತಾಡಿದವಳಿಗೆ ಅದೇನು ದೊಡ್ಡದು.

ಸುದ್ದಿ ಅಂದೇ ಊರು ಬಿಟ್ಟು ಊರಿಗೆ ಹೋಯಿತು. ಬೆಳಗಾವಿಯಿಂದ ಪಂಕಜಾಕ್ಷಿ ಫೋನು ಮಾಡಿ, ‘ವೈನಿ, ಬಾಗಲಾ ಹಿಡಿಯಾಕ ನಾನ ಬರಬೇಕ್ರಿ. ಈ ಸರತಿ ಕೈ ಕೆಳಗ ಮಾಡಿ ಹಿಡೀತೀನಿ, ಬಗ್ಗಾಕ ಬರಬಾರದು’ ಎಂದಳು. ಮಗಳು ನೀಲಿಮಾ ಐವತ್ತು ತುಂಬುವ ದಿನದ ಊಟಕ್ಕೆ ಇಪ್ಪತ್ತು ಜನರನ್ನು ಕರೆದಳು. ಒಡಪು ಎಂಬ ಎರಡು ಸಾಲಿನ ಉಡಾಫೆಗೆ ಇಷ್ಟು ಮಂದಿ ತಾವಾಗಿ ಬರುತ್ತಾರೆ ಎಂಬುದನ್ನು ಹನ್ನೊಂದು ಮಂದಿ ಶ್ರೋತೃಗಳನ್ನು ಕಂಡವಳು ಗಮನಿಸದೆ ಇರಲಿಲ್ಲ. ಗಮನಿಸಿ ಸುಮ್ಮನಾದೆ.

ಮೊದಲ ವಾರ ಒಂದು ಸಾಲೂ ಬರಲಿಲ್ಲ.

ನಮ್ಮ ಅಡಿಗೆಯ ಬಸವಣ್ಣೆವ್ವ ವಿಜಯಪುರದ ಕಡೆಯವಳು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಗಂಡ ಫಕೀರಪ್ಪ ಕುರಕುಂಭದ ರಾಸಾಯನಿಕ ಕಾರ್ಖಾನೆಯಲ್ಲಿ ಪಾಳಿಯ ಕೆಲಸಗಾರ. ನಾನು ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕುಳಿತದ್ದನ್ನು ನಾಲ್ಕು ದಿನ ನೋಡಿ, ಐದನೆಯ ದಿನ ರೊಟ್ಟಿ ಬಡಿಯುತ್ತಲೇ ಕೇಳಿದಳು.

‘ಬಾಯಾರ, ಸಾಹೇಬ್ರ ಒಡಪಾ ಬರಿಯಾಕತ್ತೀರೇನ್ರಿ?’

‘ಹೂಂ.’

‘ಅದನ್ನ ಬರೀಬಾರದ್ರಿ. ಬಾಯಾಗ ಬರಬೇಕ್ರಿ ಅದು.’

‘ಹಂಗಾದರ ನಿನ್ನ ಬಾಯಾಗ ಬರಲಿ, ನೋಡೋಣ.’

ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ತಿರುಗಿಯೂ ನೋಡದೆ ಹೇಳಿದಳು:

‘ಕುರಕುಂಭದ ಬಸ್ಸಿಗೆ ಹೊತ್ತಿಲ್ಲ ಗೊತ್ತಿಲ್ಲ,
ಫಕೀರಪ್ಪ ಬರೂತನಾ ನನ್ನ ತಾಟಿಗೆ ತುತ್ತಿಲ್ಲ.’

ರೊಟ್ಟಿ ಉಬ್ಬಿತು. ನಾನು ಕನ್ನಡಕ ಸರಿಮಾಡಿಕೊಂಡೆ. ಮೂರು ಪ್ರಾಸ, ಅದರಲ್ಲಿ ಎರಡು ಒಂದೇ ಸಾಲಿನೊಳಗೆ. ಹಸಿದಿದ್ದೇನೆ ಎಂದಿಲ್ಲ, ಕಾಯುತ್ತಿದ್ದೇನೆ ಎಂದಿಲ್ಲ, ಪ್ರೀತಿ ಎಂಬ ಪದವಿಲ್ಲ. ಇದೆಲ್ಲ ಕಾಕತಾಳೀಯವೆಂದು ನಾನು ಕೂಡಲೇ ತೀರ್ಮಾನಿಸಿದೆ.

‘ನಿಮ್ಮದೂ ಒಂದು ಹೇಳ್ಲೇನ್ರಿ?’ ಎಂದಳು. ನಾನು ಬೇಡವೆನ್ನುವಷ್ಟರಲ್ಲಿ ಹೇಳಿಯೇಬಿಟ್ಟಳು:

‘ಬುಕ್ಕ ಓದಿ ಬುಕ್ಕ ಬರದು ಕಣ್ಣಿಗೆ ಬಂತು ಚಾಳೀಸು,
ಬಸವಪ್ರಭು ಸಾಹೇಬರಿಗೆ ಮನ್ಯಾಗ ನಾನ ಪೊಲೀಸು.’

ಬಾಲ್ಕನಿಯಲ್ಲಿ ಪೇಪರು ಓದುತ್ತಿದ್ದ ಯಜಮಾನರ ಪೇಪರು ಅಲುಗಾಡತೊಡಗಿತು. (ಸಾರಿನ ಉಪ್ಪಿನ ವಿಷಯ ಹತ್ತಿರ ಬಂದು ಹೇಳಿದರೂ ಕೇಳದ ಕಿವಿ ಇದು.) ಆ ಒಡಪನ್ನು ನಾನು ಎರಡು ಕಾರಣಗಳಿಂದ ತಿರಸ್ಕರಿಸಿದೆ. ಒಂದು, ಅದು ಇನ್ನೊಬ್ಬರ ರಚನೆ. ಕದ್ದು ಬರೆದವರನ್ನು ನಾನು ನಪಾಸು ಮಾಡಿದ್ದೇನೆ. ಎರಡನೆಯ ಕಾರಣ ಹೇಳುವ ಅಗತ್ಯವಿಲ್ಲ.

ಶನಿವಾರ ಅಮೇಯ ಬಂದ. ಅಜ್ಜಿ ಪದ್ಯ ಬರೆಯುತ್ತಿದ್ದಾಳೆಂದು ಕೇಳಿ, ಊಟಕ್ಕೆ ಮುಂಚೆಯೇ ಕುರ್ಚಿ ಎಳೆದುಕೊಂಡು ಕುಳಿತ. ಇಷ್ಟು ವಿನಯದಿಂದ ಅವನು ನನ್ನ ಮುಂದೆ ಎಂದೂ ಕುಳಿತಿರಲಿಲ್ಲ.

‘ಅಜ್ಜಿ, ನಿನಗ ಸಿಟ್ಟು ಬರಬಾರದು. ಇದು ನನ್ನ ಲೈನಿನ ಕೆಲಸ ಅದ, ಅದಕ್ಕ ಹೇಳತೀನಿ. ಒಡಪು ಅಂದ್ರ ಎರಡು ಬಾರ್, ಎರಡು ಸಾಲು ಅಂತ ತಿಳಕೋ. ಮೊದಲನೇ ಬಾರ್‌ನಾಗ ಜನರನ್ನ ಬ್ಯಾರೆ ಕಡೆ ನೋಡಸಬೇಕು. ಎರಡನೇದ್ರಾಗ ಹೆಸರು ಬಿಡಬೇಕು. ಹೆಸರು ಬಿದ್ದ ಕೂಡಲೆ ಮಂದಿ ಹೋ ಅಂತಾರ.’

‘ಮಂದಿ ಹೋ ಅನ್ನೂದಕ್ಕ ಬರೆಯೂದನ್ನ ಕಾವ್ಯ ಅನ್ನೂದಿಲ್ಲ.’

‘ಮಂದಿ ಸುಮ್ಮನ ಕೂಡೂದಕ್ಕ ಬರದ್ರ?’

‘ಅದಕ್ಕ ಅಂತಾರ.’

‘ಅಜ್ಜಾ ಯಾವದು ಕೇಳ್ಯಾನ, ಅದನ್ನ ಹೇಳು.’

ಅಜ್ಜ ಏನು ಕೇಳಿದ್ದಾರೆ ಎಂಬುದು ಮುಖ್ಯವಲ್ಲ, ಕೇಳುವವನ ಮಟ್ಟಕ್ಕೆ ಕಾವ್ಯ ಇಳಿದದ್ದರಿಂದಲೇ ಇವತ್ತು ಅದರ ಈ ಗತಿ ಎಂದು ನಾನು ಅವನಿಗೆ ಇಪ್ಪತ್ತು ನಿಮಿಷ ವಿವರಿಸಿದೆ. ಅವನು ತಲೆಯಾಡಿಸುತ್ತಾ ಕೇಳಿದ. ಮಾತು ಮುಗಿದ ಮೇಲೆ ಕಿವಿಯಿಂದ ಹಾಡು ಕೇಳುವ ಎರಡು ಬಿಳಿ ಬಿರಡೆಗಳನ್ನು ತೆಗೆದಿಟ್ಟ.

ಅಂದು ನಾನು ನಿರ್ಧರಿಸಿದೆ. ಹೇಳಬೇಕಾಗಿ ಬಂದಿರುವುದರಿಂದ ಹೇಳುತ್ತೇನೆ. ಆದರೆ ಬದನೆಕಾಯಿಯ ಮಟ್ಟದಲ್ಲಿ ಅಲ್ಲ. ಎರಡು ಭಾಮಿನಿ ಷಟ್ಪದಿ, ಒಟ್ಟು ಹನ್ನೆರಡು ಸಾಲು. ಒಡಪಿಗೆ ಕಾವ್ಯದ ಅಂತಸ್ತು ಕೊಟ್ಟು, ಸತ್ತದ್ದಕ್ಕೆ ಕೊನೆಯದಾಗಿ ಒಂದು ಒಳ್ಳೆಯ ಸಂಸ್ಕಾರ ಮಾಡುತ್ತೇನೆ.

ಉಳಿದ ಎರಡೂವರೆ ವಾರ ಬರೆದೆ. ನನ್ನ ಸಂಶೋಧನ ಗ್ರಂಥದ ವಿಷಯ ‘ಕಾವ್ಯದಲ್ಲಿ ಅನುಕ್ತ’, ಅಂದರೆ ಬಾಯಿಬಿಟ್ಟು ಹೇಳದೆ ಉಳಿಸಿದ್ದು. ಹೇಳದೆ ಇರುವುದರ ಬಗ್ಗೆ ನಾನೂರ ಹನ್ನೆರಡು ಪುಟ ಹೇಳಿದ್ದೇನೆ. ಆ ತತ್ತ್ವದಂತೆಯೇ ತಿದ್ದಿದೆ. ಮೊದಲ ಕರಡಿನಲ್ಲಿ ಬಹಳ ವಾಚ್ಯವಾಗಿದ್ದುದನ್ನೆಲ್ಲ ಎರಡನೆಯದರಲ್ಲಿ ತೆಗೆದೆ. ಮೂರನೆಯದರಲ್ಲಿ ಉಳಿದದ್ದನ್ನು ಇನ್ನಷ್ಟು ಸೋಸಿದೆ. ಒಂಬತ್ತನೆಯ ಕರಡಿನ ಹೊತ್ತಿಗೆ ಪದ್ಯ ಶಂಖದಂತೆ ನಯವಾಗಿತ್ತು. ಶುದ್ಧ ಪ್ರತಿ ಬರೆದು ಪರ್ಸಿನಲ್ಲಿಟ್ಟುಕೊಂಡು, ಬಹಳ ವರ್ಷಗಳ ಮೇಲೆ, ಅಂದು ಎರಡು ರೊಟ್ಟಿ ಹೆಚ್ಚು ತಿಂದೆ. ಯಜಮಾನರು ಏನನ್ನೂ ಕೇಳಲಿಲ್ಲ. ಆದರೆ ತಾವಾಗಿ ಹೋಗಿ ಕಿವಿಯ ಯಂತ್ರಕ್ಕೆ ಹೊಸ ಬ್ಯಾಟರಿ ತಂದಿಟ್ಟುಕೊಂಡಿದ್ದರು.

ಐವತ್ತು ತುಂಬಿದ ದಿನ ಭಾನುವಾರ. ನಾವಿಬ್ಬರೂ ಗುಡಿಗೆ ಹೋಗಿ ಹನ್ನೊಂದೂವರೆಗೆ ಮರಳಿದೆವು. ಲಿಫ್ಟಿನ ಬಾಗಿಲು ತೆರೆದರೆ ನಮ್ಮ ಮನೆಯ ಮುಂದೆ ಜಾತ್ರೆ. ಹೊಸ್ತಿಲ ಒಳಗೆ ಪಂಕಜಾಕ್ಷಿ, ಎಪ್ಪತ್ತರ ವಯಸ್ಸಿನಲ್ಲಿ, ಹಳದಿ ಇಳಕಲ್ಲ ಸೀರೆಯುಟ್ಟು ಸೊಂಟದ ಮಟ್ಟಕ್ಕೆ ಕೈ ಅಡ್ಡ ಮಾಡಿ ನಿಂತಿದ್ದಳು. ಅವಳ ಪಕ್ಕದಲ್ಲಿ ಎದುರುಮನೆಯ ಶಾಮಲಾತಾಯಿ, ಅಪ್ಪಟ ಪುಣೇರಿ ಮರಾಠಿಯವರು, ಇನ್ನರ್ಧ ಬಾಗಿಲನ್ನು ಆಕ್ರಮಿಸಿದ್ದರು. ಹಿಂದೆ ಹಜಾರದ ತುಂಬ ಜನ. ಅಮೇಯ ಮೊಬೈಲು ಎತ್ತಿ ಹಿಡಿದಿದ್ದ. ಅಡಿಗೆಮನೆಯಿಂದ ಶೇಂಗಾ ಹೋಳಿಗೆಯ ವಾಸನೆ ಬರುತ್ತಿತ್ತು.

‘ನಾವ ಘ್ಯಾ ಮ್ಯಾಡಮ್, ನಾವ ಘ್ಯಾ’ ಎಂದರು ಶಾಮಲಾತಾಯಿ. ಹೆಸರು ಹೇಳಿ ಎಂದರ್ಥ.

‘ಹೇಳೂತನಾ ಊಟಾ ಇಲ್ಲ’ ಎಂದಳು ಪಂಕಜಾಕ್ಷಿ. ‘ನಮಗೂ ಇಲ್ಲ. ಎಲ್ಲಾರೂ ಹಸದಾರ, ಲಗೂ ಆಗಲಿ.’

ನಾನು ಪರ್ಸು ತೆರೆದು ಹಾಳೆ ತೆಗೆದೆ. ಹಾಳೆ ಕಂಡ ಕೂಡಲೇ ಹಿಂದೆ ಯಾರೋ ಕುರ್ಚಿ ಎಳೆದುಕೊಂಡು ಕುಳಿತ ಸದ್ದಾಯಿತು. ಯಜಮಾನರು ನನ್ನ ಬಲಕ್ಕೆ ಬಂದು, ಎಡಗಿವಿ ನನ್ನ ಕಡೆ ಬರುವಂತೆ ನಿಂತರು.

‘ಸಂಜೆಗಡಲಿನ ಅಂಚಿನೊಳು ನಿಂ-
ತಂಜದಾ ನೌಕೆಯ ಪತಾಕೆಯ…’

ಎಂದು ಆರಂಭಿಸಿದೆ. ಮೊದಲ ಷಟ್ಪದಿ ನಿರ್ವಿಘ್ನವಾಗಿ ಸಾಗಿತು. ಏಳನೆಯ ಸಾಲಿಗೆ ಅಡಿಗೆಮನೆಯಲ್ಲಿ ಕುಕ್ಕರು ಕೂಗಿತು. ನಿಲ್ಲಿಸಿದೆ. ಮೂರು ಸೀಟಿ ಆಗುವವರೆಗೆ ಕಾದು, ಏಳನೆಯ ಸಾಲಿನಿಂದ ಮತ್ತೆ ಹಿಡಿದು ಹನ್ನೆರಡನ್ನೂ ಮುಗಿಸಿದೆ. ಹಾಳೆ ಮಡಚಿದೆ.

ಯಾರೂ ಮಾತಾಡಲಿಲ್ಲ. ಸಹೃದಯರು ರಸದಲ್ಲಿ ಮುಳುಗಿದಾಗ ಹೀಗೆಯೇ ಆಗುತ್ತದೆ ಎಂದು ಶಾಸ್ತ್ರದಲ್ಲಿದೆ.

‘ಮುಗೀತೇನ್ರಿ?’ ಎಂದಳು ಪಂಕಜಾಕ್ಷಿ.

‘ಮುಗೀತು.’

‘ಆ ಹಡಗು ಯಾರದ್ರಿ ವೈನಿ?’

‘ಯಾರದೂ ಅಲ್ಲ. ಹಡಗು ಅಂದರ ನಿಮ್ಮಣ್ಣ.’

ಎಲ್ಲರೂ ಯಜಮಾನರ ಕಡೆ ನೋಡಿದರು. (ಕೊಂಕಣದ ತೀರಕ್ಕೆ ಒಮ್ಮೆ ಪ್ರವಾಸ ಹೋದಾಗ, ದಂಡೆಯಲ್ಲಿ ನಿಂತು ನೀರು ನೋಡಿಯೇ ತಲೆ ತಿರುಗಿದವರು.)

‘ಹೌದೇನು. ಹೆಸರ ಎಲ್ಲೆ ಬಂತು ಮತ್ತ?’

ನಾನು ಹಾಳೆ ಬಿಡಿಸಿದೆ. ಎಂಟನೆಯ ಸಾಲು. ಮೊದಲ ಕರಡಿನಲ್ಲಿ ‘ನನ್ನ ಬಸವಪ್ರಭುವೆ’ ಎಂದು ಅಲ್ಲಿಯೇ ಇತ್ತು. ಛಂದಸ್ಸಿಗೂ ಚೆನ್ನಾಗಿ ಕೂತಿತ್ತು. ಆರನೆಯ ಕರಡಿನಲ್ಲಿ, ವ್ಯಕ್ತಿಯ ಹೆಸರು ತೀರ ವಾಚ್ಯವಾಯಿತೆಂದು, ನನ್ನ ಕೈಯಾರೆ ಹೊಡೆದುಹಾಕಿ, ‘ಮೌನದ ನಾವಿಕನೆ’ ಎಂದು ಬರೆದಿದ್ದೆ. ಆ ಬದಲಾವಣೆ ನನಗೆ ಬಹಳ ಹಿಡಿಸಿತ್ತು. ಪಕ್ಕದಲ್ಲಿ ‘ಉತ್ತಮ’ ಎಂದು ಕೂಡ ಗುರುತು ಹಾಕಿಕೊಂಡಿದ್ದೆ.

‘ಹೆಸರು ಧ್ವನಿಯೊಳಗ ಅದ’ ಎಂದೆ. ‘ಹೇಳಿಲ್ಲ, ಆದರ ತಿಳೀತದ. ಕಾವ್ಯದೊಳಗ ಮುಖ್ಯವಾದದ್ದನ್ನ ಬಾಯಿಬಿಟ್ಟು ಹೇಳಬಾರದು.’

‘ಒಡಪಿನ್ಯಾಗ ಅದೊಂದ ಹೇಳೂದ್ರಿ, ವೈನಿ’ ಎಂದಳು ಪಂಕಜಾಕ್ಷಿ. ಕುಹಕವಿಲ್ಲದೆ, ಮಕ್ಕಳಿಗೆ ಹೇಳುವಂತೆ ಹೇಳಿದಳು. ಅದು ಇನ್ನೂ ಕೆಟ್ಟದಾಗಿತ್ತು.

ಆಗ ನಾನು ಯಜಮಾನರನ್ನು ನೋಡಿದೆ. ಅವರು ತಲೆ ಓರೆಮಾಡಿಕೊಂಡು ಹೆಬ್ಬೆರಳಿನಿಂದ ಕಿವಿಯ ಯಂತ್ರವನ್ನು ತಿರುವುತ್ತಿದ್ದರು.

‘ಬ್ಯಾಟರಿ ಹೊಸಾದು ಹಾಕಿದ್ದೆ’ ಎಂದರು. ‘ಉಳಿದದ್ದೆಲ್ಲಾ ಕೇಳಿಸ್ತು. ಹೆಸರ ಬಂದಾಗ ಎಲ್ಲೋ ಕಟ್ ಆತು ಕಾಣಸತದ. ಅಲ್ಲೊಂದಿಷ್ಟು ಮತ್ತೊಮ್ಮೆ ಓದತೀಯೇನು, ಅಂಬಾ?’

ಬಾಗಿಲಲ್ಲಿ ನಿಂತವರು ಯಾರೂ ನಗಲಿಲ್ಲ. ನಕ್ಕಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು.

ಹಾಳೆಯನ್ನು ಪರ್ಸಿಗೆ ಹಾಕಿದೆ. ಎರಡು ಸಾಲು ಈಗಲೇ ಕಟ್ಟಬೇಕು, ಅಷ್ಟೇ. ‘ಹೊಸ್ತಿಲ ಮ್ಯಾಲ…’ ಎಂದೆ. ಹೊಸ್ತಿಲ ಮೇಲೆ ಏನು? ಹೊಸ್ತಿಲ ಮೇಲೆ ಏನೂ ಇರಲಿಲ್ಲ. ‘ಹೋಳಿಗಿಗೆ ಬೆಲ್ಲ…’ ಎಂದೆ. ಬೆಲ್ಲಕ್ಕೆ ಕನ್ನಡದಲ್ಲಿ ಎಷ್ಟು ಪ್ರಾಸಗಳಿವೆಯೋ ಅಷ್ಟೂ ಆ ಕ್ಷಣದಲ್ಲಿ ನನ್ನನ್ನು ಬಿಟ್ಟುಹೋದವು. ಪರೀಕ್ಷೆಯ ಕೋಣೆಯಲ್ಲಿ ಮೇಲ್ಛಾವಣಿ ನೋಡುತ್ತಾ ಕುಳಿತ ಮಕ್ಕಳನ್ನು ಮೂವತ್ತಾರು ವರ್ಷ ಸೋಮಾರಿಗಳೆಂದು ತಿಳಿದಿದ್ದೆ. ಅವರು ಅಲ್ಲಿ ಏನು ಹುಡುಕುತ್ತಿದ್ದರೆಂದು ತಿಳಿಯಿತು. ನಮ್ಮ ಲಿಫ್ಟಿನ ಮುಂದಿನ ಮೇಲ್ಛಾವಣಿಯಲ್ಲೂ ಅದು ಇರಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಬಸವಣ್ಣೆವ್ವ ಸೆರಗು ಬಾಯಿಗೆ ಅಡ್ಡ ಹಿಡಿದು, ‘ಚಾಳೀಸು, ಬಾಯಾರ, ಚಾಳೀಸು’ ಎಂದು ಪಿಸುಗುಟ್ಟುತ್ತಿದ್ದಳು. ನಕಲು ಮಾಡಿಸುವವರು ಹೀಗೆಯೇ ಕಿಟಕಿಯಾಚೆ ನಿಲ್ಲುತ್ತಾರೆ. ನಾನು ಅವಳ ಕಡೆ ನೋಡಲಿಲ್ಲ.

‘ಅಕಿಗೆ ಬ್ಯಾಸರಾಗಬಾರದು’ ಎಂದರು ಯಜಮಾನರು, ತಂಗಿಗೆ. ‘ಮರಾಠಿ ಮಂದ್ಯಾಗ ಗಂಡಸರೂ ಹೇಳತಾರಲ್ಲ. ನಾ ಹೇಳತೀನಿ. ಎರಡೂ ಕೂಡಿ ಒಂದ ಅಂತ ಹಿಡ್ಕೋ, ಬಾಗಲಾ ಬಿಡು.’

‘ನೀ ಏನ ಹೇಳತಿ ಅಣ್ಣಾ?’

ಯಜಮಾನರು ಗಂಟಲು ಸರಿಮಾಡಿಕೊಂಡರು. ಐವತ್ತು ವರ್ಷದಲ್ಲಿ ಈ ಮನುಷ್ಯ ನನ್ನ ಮುಂದೆ ಒಂದು ಪ್ರಾಸವನ್ನೂ ಆಡಿದವರಲ್ಲ. ಆಡಿದ್ದರೆ ನನಗೆ ನೆನಪಿರುತ್ತಿತ್ತು, ಏಕೆಂದರೆ ತಿದ್ದಿರುತ್ತಿದ್ದೆ.

‘ಐವತ್ತು ವರ್ಷ ಬರದೆ ಪರೀಕ್ಷಾ, ಕೆಂಪು ಮಸಿ ಖರ್ಚಾತು,
ಅಂಬಾ ಕೊಟ್ಟಿದ್ದು ಮೂವತ್ತೈದ ಮಾರ್ಕು, ಆದರೂ ಹೆಂಗೋ ನನ್ನ ಜೀವ ಪಾಸಾತು.’

ಎರಡನೆಯ ಸಾಲು ನನ್ನ ಕಿವಿಗೆ ಬಿದ್ದ ಕ್ಷಣವೇ ಆಗಬಾರದ್ದು ಆಗಿಹೋಯಿತು. ಮನೆಯಲ್ಲಿ ನಾನು ಅವರನ್ನು ‘ಏನ್ರಿ’ ಎಂದು ಕರೆಯುತ್ತೇನೆ. ಆದರೆ ಬಾಯಿಂದ ಬಂದದ್ದು ತರಗತಿಯ ದನಿ. ಹಿಂದಿನ ಬೆಂಚಿನವನನ್ನು ಹೆಸರು ಹಿಡಿದು ಎಬ್ಬಿಸಿ ನಿಲ್ಲಿಸುವ ದನಿ. ನನ್ನ ಒಪ್ಪಿಗೆ ಕೇಳದೆ ಅದು ತಾನಾಗಿ ಹೊರಟಿತು:

‘ಬಸವಪ್ರಭು, ನಿಮ್ಮ ಎರಡನೇ ಸಾಲು ಭಾಳ ಉದ್ದಾತು.’

ಮೊದಲು ನಕ್ಕವಳು ಬಸವಣ್ಣೆವ್ವ. ಆಮೇಲೆ ಅಮೇಯ ‘ಹೋ’ ಎಂದ. ಆಮೇಲೆ ಇಡೀ ಹಜಾರ ‘ಹೋ’ ಎಂದಿತು. ಯಾಕೆಂದು ನನಗೆ ತಿಳಿಯಲಿಲ್ಲ. ತಪ್ಪು ತೋರಿಸಿದ್ದಕ್ಕೆ ಇಷ್ಟು ಸಂಭ್ರಮವನ್ನು ನಾನು ವೃತ್ತಿಜೀವನದಲ್ಲಿ ಕಂಡಿರಲಿಲ್ಲ.

‘ಬಂತು, ಬಂತು’ ಎಂದು ಪಂಕಜಾಕ್ಷಿ ಕೈ ಕೆಳಗಿಳಿಸಿದಳು. ನಕ್ಕು ನಕ್ಕು ಬಾಗಿಲ ಚೌಕಟ್ಟಿಗೆ ಒರಗಿದ್ದಳು. ‘ಖರ್ಚಾತು, ಪಾಸಾತು, ಉದ್ದಾತು. ಹೆಸರೂ ಬಂತು, ಪ್ರಾಸಾನೂ ಬಂತು. ಬರ್ರಿ ವೈನಿ, ಒಳಗ ಬರ್ರಿ.’

‘ಅದು ಒಡಪಲ್ಲ’ ಎಂದೆ. ‘ಅದು ಟೀಕೆ.’

‘ಛಾನ ಝಾಲ, ಮ್ಯಾಡಮ್’ ಎಂದರು ಶಾಮಲಾತಾಯಿ, ಬಹಳ ಚೆನ್ನಾಯಿತು ಎಂದು ಕಣ್ಣೊರೆಸಿಕೊಳ್ಳುತ್ತಾ. ಅವರಿಗೆ ಕನ್ನಡ ಒಂದು ಪದವೂ ಬರುವುದಿಲ್ಲ.

ನಾನು ನ್ಯಾಯಕ್ಕಾಗಿ ಯಜಮಾನರ ಕಡೆ ತಿರುಗಿದೆ. ಅವರು ಹೊಸ್ತಿಲ ಮೇಲೆ ನಿಂತು, ಕಿವಿಯ ಯಂತ್ರದಿಂದ ಕೈ ತೆಗೆದು ಹೇಳಿದರು: ‘ಕೇಳಿಸ್ತು. ಪೂರಾ ಕೇಳಿಸ್ತು.’ ಅಂದು ಅವರು ನಾಲ್ಕು ಹೋಳಿಗೆ ತಿಂದರು, ಉಪ್ಪಿನಕಾಯಿ ಮುಟ್ಟಲಿಲ್ಲ.

ನನ್ನ ಆಕ್ಷೇಪ ಇನ್ನೂ ಹಾಗೆಯೇ ಇದೆ. ನಾನು ರಚಿಸಿದ್ದು ಹನ್ನೆರಡು ಸಾಲು, ಒಂಬತ್ತು ಕರಡು. ಅದರಲ್ಲಿ ಒಂದು ಪದವೂ ಯಾರಿಗೂ ನೆನಪಿಲ್ಲ. ಪರೀಕ್ಷಿಸಲು ನೀಲಿಮಾಳನ್ನು ಕೇಳಿದೆ, ‘ಹಡಗು ಅದ ಅಲ್ಲಾ ಅವ್ವಾ ಅದರಾಗ’ ಎಂದಳು. ರಚಿಸದೆ ಬಾಯಿತಪ್ಪಿ ಬಂದ ಒಂದು ಸಾಲು ಮಾತ್ರ ಪಂಕಜಾಕ್ಷಿಯ ಜೊತೆ ರೈಲು ಹತ್ತಿ ಬೆಳಗಾವಿ ಮುಟ್ಟಿದೆ. ಅಲ್ಲಿ ಅವಳ ಸೊಸೆಯಂದಿರು ಉದ್ದ ಮಾತಾಡುವವರಿಗೆಲ್ಲ ಅದನ್ನೇ ಹೇಳುತ್ತಾರಂತೆ.

ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಹತ್ತು ದಿನದ ಮೇಲೆ ಅಮೇಯ ಬಂದು, ಅಜ್ಜನ ಎಡಗಿವಿಯ ಹತ್ತಿರ ಮೊಬೈಲು ಹಿಡಿದ. ಮೊದಲು ಏನೋ ಕೂಗಿದಂತಾಗಿ ಡುಬುಡುಬು ಆರಂಭವಾಯಿತು. ಅದರ ಮೇಲೆ ಅಜ್ಜನ ದನಿಯಲ್ಲಿ ಎರಡು ಸಾಲು. ಅದರ ಬೆನ್ನಿಗೆ ನನ್ನ ದನಿಯಲ್ಲಿ ‘ಬಸವಪ್ರಭು, ನಿಮ್ಮ ಎರಡನೇ ಸಾಲು ಭಾಳ ಉದ್ದಾತು’, ಮತ್ತೆ ಅದೇ, ಮತ್ತೆ ಅದೇ, ಏಳು ಸಲ. ಊರಿಗೆಲ್ಲ ಕಳಿಸಿಯಾಗಿತ್ತು. ಒಂದು ವಾರದಲ್ಲಿ ಅದನ್ನು ಕೇಳಿದವರ ಸಂಖ್ಯೆ ನನ್ನ ಗ್ರಂಥವನ್ನು ಇಲ್ಲಿಯವರೆಗೆ ಓದಿದವರ ಸಂಖ್ಯೆಗಿಂತ ಎಷ್ಟು ಪಟ್ಟು ಎಂದು ಅವನು ಲೆಕ್ಕ ಹೇಳಿದ. ನಮ್ಮ ಸೊಸಾಯಿಟಿಯ ಮಕ್ಕಳು ಲಿಫ್ಟಿನಲ್ಲಿ ನನ್ನನ್ನು ಕಂಡಾಗ ಏಕೆ ತುಟಿ ಕಚ್ಚಿಕೊಳ್ಳುತ್ತವೆಂದು ಆಗ ಅರ್ಥವಾಯಿತು.

‘ತಾಳಕ್ಕ ಸರಿಯಾಗಿ ಬರೂಹಂಗ ನನ್ನ ಮಾತು ಎಷ್ಟು ಎಳದಾಡೀದಿ?’ ಎಂದು ಕೇಳಿದೆ.

‘ಏನೂ ಮಾಡಿಲ್ಲ ಅಜ್ಜಿ. ನೀ ಬೈದಿದ್ದ ಬೀಟ್ ಮ್ಯಾಲೆ ಬಿದ್ದದ.’

‘ಮತ್ತ ನನ್ನ ಷಟ್ಪದಿ? ಅದನ್ನೂ ರೆಕಾರ್ಡ್ ಮಾಡೀದಿ ಅಲ್ಲಾ. ಅದನ್ನ ಯಾಕ ಹಾಕಿಲ್ಲ?’

ಅಮೇಯ ತಲೆ ಕೆರೆದುಕೊಂಡ. ಸುಳ್ಳು ಹೇಳುವ ಅಭ್ಯಾಸ ಅವನಿಗಿಲ್ಲ. ಅದು ನಾನೇ ಕಲಿಸಿದ್ದು.

‘ಹಾಕೀನಿ ಅಜ್ಜಿ. ಶುರುವಿಗೇ ಅದ. ನೀ ಓದೂ ಮುಂದ ಹಿಂದ ಕುಕ್ಕರ್ ಕೂಗಿತ್ತಲ್ಲ, ಮೂರು ಸೀಟಿ? ಅದು ಭಾಳ ಛಲೋ ಬಂದದ. ಅಷ್ಟು ಇಟ್ಟೀನಿ.’